ಮಡಚಲೊಲ್ಲದ ಚಾಕು

ಚಾಕು ರಿಪೇರಿಯ ಸಾಣೆಯಪ್ಪನಿಗೆ ಮೊಮ್ಮಗಳು ಹುಟ್ಟಿ ಮೂರು ದಿನವಾಗಿತ್ತು. ಅವನ ಬಲಗೈಗೆ ಬಿಚ್ಚಿದ ಚಾಕು ಅಂಟಿಕೊಂಡೂ ಅಷ್ಟೇ ದಿನವಾಗಿತ್ತು.

ಚಾಕು, ಮಗಳ ಹೆರಿಗೆಯಾದ ಆಸ್ಪತ್ರೆಯ ಗೇಟ್ ಕಾಯುವವನದು. ಲಾಕ್ ಕೂರುವುದಿಲ್ಲ, ಹಣ್ಣು ಹೆಚ್ಚುವಾಗ ಬೆರಳಿನ ಮೇಲೇ ಮಡಚಿಕೊಳ್ಳುತ್ತದೆ ಎಂದು ತಂದುಕೊಟ್ಟಿದ್ದ. ಅಲಗಿನ ಬುಡಕ್ಕೆ ಒತ್ತು ಕೊಡುವ ಪಟ್ಟಿಯನ್ನು ಸಾಣೆಯಪ್ಪ ಕೂದಲೆಳೆಯಷ್ಟು ಬಾಗಿಸಿದ. ಲಾಕ್ ಕೂತಿತು. ಎಷ್ಟು ಚೆನ್ನಾಗಿ ಕೂತಿತೆಂದರೆ ಮತ್ತೆ ಏಳಲೇ ಇಲ್ಲ. ಎಣ್ಣೆ ಬಿಟ್ಟ, ಪೆನ್ಸಿಲ್ ಸೀಸ ಉಜ್ಜಿದ, ಬಾಯಿಗೆ ಬಂದಂತೆ ಬೈದ. ಜಪ್ಪಯ್ಯ ಅಂದರೂ ಅದು ಮಡಚಲಿಲ್ಲ.

ಬುಡದ ತಿರುಪು ಸಡಿಲಿಸಿದರೆ ಅರೆ ನಿಮಿಷದ ಕೆಲಸ. ಆದರೆ ಅವನ ಗುರು ಹಾಕಿಕೊಟ್ಟ ಕಟ್ಟಳೆ ಎರಡು: ಲಾಕ್ ಬಿಡಿಸಲು ತಿರುಪಿಗೆ ಕೈಹಾಕುವವನು ಕಸುಬುದಾರನೇ ಅಲ್ಲ, ಕೆಲಸ ಮುಗಿಯದ ಚಾಕುವನ್ನು ಕೈಯಿಂದ ಬಿಡುವಂತಿಲ್ಲ. ಗುರು ಸತ್ತು ಇಪ್ಪತ್ತು ವರ್ಷವಾದರೂ ಶಿಷ್ಯ ಆ ಗೆರೆ ದಾಟಿದವನಲ್ಲ. ಎಡಗೈಯಲ್ಲಿ ಉಂಡ, ಕೂತೇ ನಿದ್ದೆ ಮಾಡಿದ. ಅಂಗಿ ಬದಲಿಸಲು ಹೆಂಡತಿ ತೋಳಿನ ಹೊಲಿಗೆಯನ್ನೇ ಬಿಚ್ಚಬೇಕಾಯಿತು.

"ಮಗಳು ಹೇಳಿ ಕಳಿಸಿದಾಳೆ," ಎಂದಳು ಹೆಂಡತಿ. "ಇವತ್ತು ಐದು ಗಂಟೆಯೊಳಗೆ ನೀವು ಬಂದು ಮಗು ಎತ್ಕೊಳ್ದಿದ್ರೆ, ನಾಳೆ ನೆಟ್ಟಗೆ ಅತ್ತೆ ಮನೆಗೆ ಹೋಗ್ತಾಳಂತೆ. ಈ ಕಡೆ ತಲೆ ಹಾಕಿಯೂ ಮಲಗಲ್ವಂತೆ."

ಸಾಣೆಯಪ್ಪನಿಗೆ ಇರುವವಳು ಒಬ್ಬಳೇ ಮಗಳು, ಹಠದಲ್ಲಿ ಅಪ್ಪನ ತದ್ರೂಪು. ಚಾಕು ಹಿಡಿದುಕೊಂಡೇ ಓಡಿದ. ದಾರಿಯುದ್ದಕ್ಕೂ ಜನ ಬಹಳ ಮರ್ಯಾದೆಯಿಂದ ಜಾಗ ಬಿಟ್ಟರು.

ಐದಕ್ಕೆ ಹತ್ತು ನಿಮಿಷವಿತ್ತು. ಗೇಟಿನವನು ಕೈ ಅಡ್ಡ ಹಿಡಿದ.

"ಬಿಚ್ಚಿದ ಚಾಕು ಒಳಗೆ ಬಿಡಲ್ಲ."

"ಚಾಕು ನಿಂದೇ ಕಣೋ!"

"ನಂದಾದ್ರೇನು, ರೂಲ್ಸ್ ರೂಲ್ಸೇ. ಇಲ್ಲಿ ಕೊಟ್ಟು ಹೋಗಿ."

"ಕೆಲಸ ಮುಗಿದಿಲ್ಲ, ಹೇಗೆ ಕೊಡ್ಲಿ?"

"ಹಾಗಾದ್ರೆ ಮುಗಿಸ್ಕೊಂಡು ಬನ್ನಿ."

ಮೇಲಿನ ಕಿಟಕಿಯಲ್ಲಿ ಮಗಳು ಕಂಡಳು. ಅಪ್ಪನನ್ನು ನೋಡಿದಳು, ಚಾಕುವನ್ನು ನೋಡಿದಳು, ಮುಖ ತಿರುಗಿಸಿ ಒಳಗೆ ಹೋದಳು. ಸಾಣೆಯಪ್ಪ ಎಡಗೈಯಿಂದ ಜೇಬಿನ ಸ್ಕ್ರೂಡ್ರೈವರ್ ತೆಗೆದ. "ಗುರುವೇ, ಸ್ವಲ್ಪ ಆ ಕಡೆ ತಿರುಗು," ಎಂದು ತಿರುಪನ್ನು ಎರಡು ಸುತ್ತು ಸಡಿಲಿಸಿದ. ಚಾಕು ಸುಮ್ಮನೆ ಮಡಚಿಕೊಂಡಿತು.

ಗೇಟಿನವನು ಇಸಿದುಕೊಂಡು ಬಿಚ್ಚಿ ನೋಡಿದ. ಅಲಗು ಬೀಳುವ ಹಲ್ಲಿನಂತೆ ಅಲ್ಲಾಡುತ್ತಿತ್ತು.

"ಕೊಟ್ಟಾಗ ಇದಕ್ಕಿಂತ ವಾಸಿ ಇತ್ತಲ್ರೀ!"

"ಹೌದಪ್ಪ, ಕೆಡಿಸಿದೀನಿ. ಯಾರಾದ್ರೂ ಒಳ್ಳೆ ರಿಪೇರಿಯವರಿದ್ರೆ ತೋರಿಸ್ಕೊ," ಎಂದವನೇ ಸಾಣೆಯಪ್ಪ ಮೆಟ್ಟಿಲು ಹತ್ತಿದ.

ಮಗಳು ಗೋಡೆಯ ಕಡೆ ಮುಖ ಮಾಡಿ ಕೂತಿದ್ದಳು. "ಮುಗೀತಾ ಕೆಲಸ?" ಎಂದಳು, ತಿರುಗದೆ.

"ಇಲ್ಲಮ್ಮ. ಬಿಟ್ಟು ಬಂದೆ."

ಹುಟ್ಟಿದಾಗಿನಿಂದ ಅಪ್ಪನ ಬಾಯಲ್ಲಿ ಅವಳು ಆ ಮಾತು ಕೇಳಿದ್ದು ಅದೇ ಮೊದಲು. ತಿರುಗಿ, ಮಗುವನ್ನು ಅವನ ಎರಡೂ ಕೈಗೆ ಇಟ್ಟಳು.