ಹೆರಿಗೆ ಆಸ್ಪತ್ರೆಯ ತಾರಸಿ ಮೇಲಿನ ಗನ್ನು

೧

ಎಲ್ಲಿಂದ ಶುರು ಮಾಡಲಿ? ‘ಒಂದಾನೊಂದು ಊರಿನಲ್ಲಿ ಒಂದು ಹೆರಿಗೆ ಆಸ್ಪತ್ರೆಯಿತ್ತು’ ಎಂದರೆ ಕೊನೆ ಏನಾಯಿತೆಂದು ನಿಮಗೆ ಈಗಲೇ ಗೊತ್ತಾಗಿಬಿಡುತ್ತದೆ. ‘ಇತ್ತು’ ಬೇಡ, ‘ಇದೆ’ ಎನ್ನೋಣ. (ಕಥೆ ನಿಜವೇ ಎಂದು ಕೇಳಬೇಡಿ. ಸಿಟ್ಟು ನಿಜ, ಉಳಿದದ್ದನ್ನು ಅದರ ಅಳತೆಗೆ ಹೊಲಿದಿದ್ದೇನೆ.)

೨

(ಮೊದಲ ಕರಡು ಯುದ್ಧದ ಕಾನೂನಿನಿಂದ ಶುರುವಾಗಿತ್ತು. ಆಸ್ಪತ್ರೆಯ ಮೇಲೆ ದಾಳಿ ಮಾಡಕೂಡದು. ಆದರೆ ಅಲ್ಲಿಂದ ಯಾರಾದರೂ ಗುಂಡು ಹಾರಿಸಿದರೆ, ಎಚ್ಚರಿಕೆ ಕೊಟ್ಟು, ಗಡುವು ಮೀರಿದ ಮೇಲೆ ಮಾಡಬಹುದು. ಆಗಲೂ ಒಳಗಿರುವ ಜೀವಗಳನ್ನು ಗಮನದಲ್ಲಿಡಬೇಕು. ಹರಿದು ಹಾಕಿದೆ. ‘ಆದರೆ’ ಬಂದ ಕಡೆ ಪೆನ್ನು ಕಾಗದವನ್ನು ತೂತು ಮಾಡಿತ್ತು.)

೩

ಜಿಹಾದಿನ ಹೆಸರು ಹೇಳಿಕೊಂಡು ಊರು ಹಿಡಿದ ಗುಂಪು ಆಸ್ಪತ್ರೆಯ ತಾರಸಿಯಲ್ಲಿ ಮೆಷಿನ್ ಗನ್ ನೆಟ್ಟಿತು. ಕೆಳಗೆ ಗಾಜಿನ ಪೆಟ್ಟಿಗೆಗಳಲ್ಲಿ ತಿಂಗಳು ತುಂಬದೆ ಹುಟ್ಟಿದ ಕೂಸುಗಳು. ಹೊರಗೆ ತೆಗೆದರೆ ಉಸಿರು ನಿಲ್ಲುತ್ತದೆ. ಎದುರಾಳಿ ಸೈನ್ಯ ಫೋನ್ ಮಾಡಿತು: ಸಂಜೆಯೊಳಗೆ ಗನ್ ಇಳಿಯದಿದ್ದರೆ ಕಟ್ಟಡಕ್ಕೆ ರಕ್ಷಣೆಯಿಲ್ಲ, ಖಾಲಿ ಮಾಡಿ. ಫೋನ್ ಎತ್ತಿದವನು ಆಸ್ಪತ್ರೆಯ ಟೆಲಿಫೋನ್ ಆಪರೇಟರ್. ಕೂಸುಗಳನ್ನು ಎಲ್ಲಿಗೆ ಒಯ್ಯುವುದೆಂದು ಕೇಳಿದ. ಆ ಕಡೆಯವನು, ಬಹಳ ವಿನಯದಿಂದ, ಅದು ತನ್ನ ವಿಭಾಗಕ್ಕೆ ಬರುವುದಿಲ್ಲ ಎಂದ.

ಆಪರೇಟರನ ಅಕ್ಕ ಅಲ್ಲೇ ಹೆಡ್ ನರ್ಸ್. ತಾರಸಿ ಹತ್ತಿ, ಯುದ್ಧದ ಕಾನೂನು ನೆನಪಿಸಿ, ಗನ್ ಇಳಿಸೆಂದು ಗುಂಪಿನ ಕಮಾಂಡರನನ್ನು ಕೇಳಿಕೊಂಡಳು. ಮನುಷ್ಯರು ಬರೆದ ಕಾನೂನು ತನಗೆ ಕಾನೂನೇ ಅಲ್ಲ ಎಂದು ಅವನು ಪ್ರವಚನ ಶುರುಮಾಡಿದ.

“ಕಾನೂನು ಹಾಳಾಗ್ಲಿ ಬಿಡಪ್ಪ. ನೀನು ತಲೆಬಾಗೋ ದೇವರಿಗೇ ನಾನೂ ತಲೆಬಾಗೋದು. ಎಳೇ ಕೂಸಿನ ಹಿಂದೆ ಅವಿತ್ಕೋ ಅಂತ ಅವನು ನಿಂಗೆ ಯಾವಾಗ ಹೇಳ್ದ?”

ಅವಳನ್ನು ಮೆಟ್ಟಿಲಿನಿಂದ ಕೆಳಗೆ ದಬ್ಬಿಸಿದ.

೪

ಇಲ್ಲಿ ಕಮಾಂಡರ್ ನನ್ನ ಜೊತೆಗೇ ಜಗಳಕ್ಕೆ ನಿಂತ. ತನಗೂ ಒಂದು ಬಾಲ್ಯ ಬೇಕಂತೆ, ಬಾಂಬಿಗೆ ಸತ್ತ ತಾಯಿ ಬೇಕಂತೆ. ಕೊಡುವುದಿಲ್ಲ ಎಂದೆ. ಕೊಡಬಹುದಿತ್ತು, ಅಂಥ ತಾಯಂದಿರು ಬೇಕಾದಷ್ಟಿದ್ದಾರೆ, ಅವರನ್ನು ಕೊಂದವರು ಪತ್ರಿಕಾಗೋಷ್ಠಿಯಲ್ಲಿ ‘ವಿಷಾದ’ ಎಂದು ಎದ್ದು ಊಟಕ್ಕೆ ಹೋಗಿದ್ದಾರೆ. ಆದರೂ ಆ ತಾಯಿಯನ್ನು ಈ ಗನ್ನಿಗೆ ಸ್ಟ್ಯಾಂಡ್ ಮಾಡಲು ನಾನು ಬಿಡುವುದಿಲ್ಲ.

೫

ಊರಲ್ಲಿ ಕರೆಂಟ್ ಇದ್ದದ್ದು ಆಸ್ಪತ್ರೆಯ ಜನರೇಟರಿನಲ್ಲಿ ಮಾತ್ರ. ಹಾಗಾಗಿ ಗುಂಪಿನ ವಾಕಿಟಾಕಿಗಳೆಲ್ಲ ಸರದಿಯ ಮೇಲೆ ಆಪರೇಟರನ ಕೋಣೆಯಲ್ಲೇ ಚಾರ್ಜ್ ಆಗುತ್ತಿದ್ದವು. ಅವನೋ ಹುಟ್ಟಾ ಮಿಮಿಕ್ರಿಗಾರ. ಡಾಕ್ಟರುಗಳ ದನಿಯಲ್ಲಿ ಡಾಕ್ಟರುಗಳನ್ನೇ ಓಡಾಡಿಸಿದವನು. ಗುಂಪಿನ ಮಹಾನಾಯಕ, ಎಲ್ಲರ ಬಾಯಲ್ಲೂ ‘ದೊಡ್ಡವರು’, ಬೀದಿಯ ಲೌಡ್‌ಸ್ಪೀಕರಿನಲ್ಲಿ ಕಿರುಚಿ ಕಿರುಚಿ ಇವನಿಗೆ ಬಾಯಿಪಾಠವಾಗಿದ್ದ. ಒಂದು ಸೆಟ್ ಕೈಗೆತ್ತಿಕೊಂಡು, ದೊಡ್ಡವರ ಹಾಗೆಯೇ ಕೆಮ್ಮಿ, ಹೇಳಿದ:

“ಆ ಗನ್ನು ಇಳಿಸಿ ಊರಾಚೆ ಒಯ್ಯಿರಿ. ತಿಳೀತಾ, ಮಕ್ಕಳೇ?”

ತಾರಸಿಯ ಮೇಲಿದ್ದ ಎಲ್ಲರ ಸೆಟ್ಟಿನಲ್ಲೂ ಮೊಳಗಿತು. ಹುಡುಗರು ಕಮಾಂಡರನ ಮುಖ ನೋಡಿದರು. ಅವನು ಬೆವರಿದ. ಆಮೇಲೆ, ಕೇಳಿಸಲಿಲ್ಲವೇನ್ರೋ ಎಂದು ಅವರ ಮೇಲೇ ರೇಗಿ, ಗನ್ ಇಳಿಸಿದ.

೬

ಕೊನೆ ಒಂದು: ವಿಮಾನ ಬಂದು, ಖಾಲಿ ತಾರಸಿ ನೋಡಿ, ವಾಪಸಾಯಿತು. ಕೊನೆ ಎರಡು: ವಿಮಾನ ನೋಡದೆಯೇ ಬಾಂಬು ಹಾಕಿತು, ಗಡುವು ಕೊಟ್ಟಿದ್ದೆವಲ್ಲ ಎಂದಿತು ಸೈನ್ಯ. ಎರಡನೆಯದನ್ನು ಹೊಡೆದುಹಾಕೆಂದು ಅಕ್ಕ ನನ್ನ ಕೊರಳಪಟ್ಟಿ ಹಿಡಿದಿದ್ದಾಳೆ. ಬರೆಯುವವನು ನಾನೇ ಅಕ್ಕಾ, ಹಾಕುವವನು ನಾನಲ್ಲ.

ಎರಡಕ್ಕೂ ಮೊದಲು, ಇನ್ನೂ ಬಿಸಿಲಿರುವಾಗಲೇ, ಕಮಾಂಡರ್ ಆಪರೇಟರನ ಕೋಣೆಗೆ ಬಂದ. ಬಾಗಿಲು ಹಾಕಿದ. ಪಿಸ್ತೂಲನ್ನು ಮೇಜಿನ ಮೇಲಿಟ್ಟು, ಕುರ್ಚಿಯಲ್ಲಿ ಕುಸಿದು, ನಗತೊಡಗಿದ.

“ದೊಡ್ಡವರು ಮೊನ್ನೇನೇ ಸತ್ತುಹೋದ್ರು ಕಣೋ. ಮಣ್ಣು ಮಾಡಿದ್ದು ನಾನೇ. ಹುಡುಗ್ರಿಗೆ ಹೇಳಿಲ್ಲ, ಹೇಳಿದ್ರೆ ಒಬ್ಬನೂ ನನ್ ಹಿಂದೆ ನಿಲ್ಲಲ್ಲ. ಅವರೆದುರಿಗೆ ಆ ದನಿ ಸುಳ್ಳು ಅಂತ ಹೆಂಗ್ ಹೇಳ್ಲಿ, ಹೇಳು?”

ಪಿಸ್ತೂಲಿನ ಪಕ್ಕಕ್ಕೆ ವಾಕಿಟಾಕಿಯನ್ನೂ ಸರಿಸಿದ.

“ನಾಳೆ ಏನ್ ಹೇಳ್ತಾರೆ, ದೊಡ್ಡವರು?”

ಆಪರೇಟರನಿಗೂ, ಬೇಡವೆಂದರೂ, ನಗು ಬಂತು.

ನಾನು ಕಾಗದದಿಂದ ಪೆನ್ನು ಎತ್ತಿದ್ದೇನೆ. ಕೆಳಗಿಡುವುದಿಲ್ಲ. ಇಟ್ಟ ಕೂಡಲೇ ಆಪರೇಟರ್ ಮೇಜಿನ ಮೇಲಿನ ಎರಡರಲ್ಲಿ ಒಂದನ್ನು ಕೈಗೆತ್ತಿಕೊಳ್ಳುತ್ತಾನೆ, ಸಂಜೆಯಾಗುತ್ತದೆ, ವಿಮಾನ ಬರುತ್ತದೆ. ಕೂಸುಗಳು ಉಸಿರಾಡುತ್ತಿವೆ. ಆಸ್ಪತ್ರೆ ಇದೆ. ಆಪರೇಟರ್ ನಗುತ್ತಿದ್ದಾನೆ, ಸಿಟ್ಟಿನಲ್ಲಿ ನಾನೂ. ಎಲ್ಲರಿಗಿಂತ ಜೋರಾಗಿ, ಕಣ್ಣಲ್ಲಿ ನೀರು ಬರುವ ಹಾಗೆ, ಕಮಾಂಡರ್.