ಬದುವಿಲ್ಲದ ಹೊಲ

ಟ್ರೈಲರನ್ನು ಹಿಂದಕ್ಕೆ ತೆಗೆಯುವಾಗ ಮಗಳು ಒಂದೇ ಸಲಕ್ಕೆ ಗೇಟಿನ ನಡುವೆ ಹಾಯಿಸಿದಳು. ಅಪ್ಪ ಬದುಕಿದ್ದರೆ ಹಿಂದೆ ನಿಂತು, "ಎಡಕ್ಕೆ ಅಂದ್ನಲ್ಲ, ಕಣ್ಣು ಎಲ್ಲಿಟ್ಟಿದೀಯೇ?" ಎಂದು ಗಂಟಲು ಹರಿದುಕೊಳ್ಳುತ್ತಿದ್ದ. ಇವತ್ತು ಅವನು ಟ್ರೈಲರಿನ ಮೇಲೆ, ಹಲಗೆಯ ಪೆಟ್ಟಿಗೆಯೊಳಗೆ ತೆಪ್ಪಗೆ ಮಲಗಿದ್ದ.

ಊರಿನವರು ಅವನನ್ನು ತುಂಡಪ್ಪ ಎನ್ನುತ್ತಿದ್ದರು. ಉಳುತ್ತಿದ್ದದ್ದು ನಲವತ್ತು ಎಕರೆ, ಸ್ವಂತದ್ದು ಅರ್ಧ ಎಕರೆ. ಉಳಿದದ್ದೆಲ್ಲ ಹತ್ತು ಜನರಿಂದ ಗುತ್ತಿಗೆಗೆ ಪಡೆದ ತುಂಡುಗಳು. ಕಾಗದಪತ್ರ ಒಂದೂ ಇಲ್ಲ. ಪ್ರತಿ ವರ್ಷ ಬಿತ್ತನೆಗೆ ಮುಂಚೆ ಬಾಯಿಮಾತಿನಲ್ಲೇ ಎಲ್ಲ ಆಗುತ್ತಿತ್ತು. ಈ ವರ್ಷದ ಮಾತು ಆಗುವ ಮೊದಲೇ ಅವನು ಹೋಗಿಬಿಟ್ಟ. ಹತ್ತು ಜನರೂ ಈಗ ಟ್ರೈಲರಿನ ಹಿಂದೆ ನಡೆಯುತ್ತಿದ್ದರು. ಅವರ ನಡುವೆ, ಒಬ್ಬೊಬ್ಬರ ಕಿವಿಗೂ ಬಾಯಿ ಹಚ್ಚುತ್ತ, ಕಟಾವು ಯಂತ್ರದ ಮಾಲೀಕನೂ ನಡೆಯುತ್ತಿದ್ದ. ಈ ವರ್ಷ ಹೊಲ ತನಗೆ ಗುತ್ತಿಗೆಗೆ ಕೊಡಿ ಎಂದು ಅವನು ಕೇಳುತ್ತಿರುವುದು ಮಗಳಿಗೆ ಟ್ರ್ಯಾಕ್ಟರಿನ ಕನ್ನಡಿಯಲ್ಲೇ ಗೊತ್ತಾಯಿತು. ನಾಲ್ಕು ಜನ ಹ್ಞೂಂ ಅಂದರೂ ಸಾಕು, ನಾಳಿದ್ದಿನಿಂದ ಅವಳು ಬೇರೆಯವರ ಟ್ರ್ಯಾಕ್ಟರಿಗೆ ಡ್ರೈವರು.

ಸ್ಮಶಾನ ಹೊಲದ ಅಂಚಿನಲ್ಲೇ ಇತ್ತು. ಮಣ್ಣು ಹಾಕಿದ್ದಾಯಿತು. ಅವಳಿಗೆ ಅಳು ಬಂತು, ಅತ್ತಳು. ಮೂಗು ಒರೆಸಿಕೊಳ್ಳುವಷ್ಟರಲ್ಲಿ ನಿವೃತ್ತ ಟೀಚರ್ ಹತ್ತಿರ ಬಂದರು. ಹತ್ತು ತುಂಡುಗಳಲ್ಲಿ ಎಲ್ಲಕ್ಕಿಂತ ದೊಡ್ಡದು ಅವರದು.

"ಇವತ್ತು ಕೇಳಬಾರದು ಮಗೂ, ನಾಚಿಕೆ ಆಗುತ್ತೆ. ಆದ್ರೂ ಕೇಳ್ತೀನಿ. ನನ್ನ ಹೊಲ ಯಾವುದು?"

"ಅಂದ್ರೆ?"

"ಎಲ್ಲಿಂದ ಎಲ್ಲೀವರೆಗೆ ಅಂತ. ಈ ಯಂತ್ರದೋರು ನೋಡ್ಬೇಕಂತೆ. ನನಗೇ ಗೊತ್ತಿಲ್ವಲ್ಲ!"

ಕಟಾವು ಯಂತ್ರದ ಮಾಲೀಕ ತನ್ನ ಚಪ್ಪಲಿಯ ಮಣ್ಣು ನೋಡಿಕೊಂಡ. ಅಂಚೆಯಣ್ಣ ತಲೆ ಕೆರೆದುಕೊಂಡು, "ನಂದೂ ಪಂಪ್‌ಹೌಸ್ ಹತ್ರ ಎಲ್ಲೋ ಇರಬೇಕು," ಎಂದ. ಬೇಕರಿಯ ಅಣ್ಣತಮ್ಮಂದಿರು, ಆರು ವರ್ಷದಿಂದ ಮಾತು ಬಿಟ್ಟವರು, ಒಬ್ಬೊಬ್ಬರು ಒಂದೊಂದು ದಿಕ್ಕಿಗೆ ಕೈ ತೋರಿಸಿದರು. ಹದಿನೆಂಟು ವರ್ಷದ ಹಿಂದೆ, ಟ್ರ್ಯಾಕ್ಟರು ಈ ತುದಿಯಿಂದ ಆ ತುದಿಗೆ ಸಲೀಸಾಗಿ ಓಡಲಿ ಎಂದು ತುಂಡಪ್ಪ ಎಲ್ಲರನ್ನೂ ಒಪ್ಪಿಸಿ ನಡುವಿನ ಬದುಗಳನ್ನು ಕಿತ್ತುಹಾಕಿದ್ದ. ಅಂದಿನಿಂದ ಹತ್ತೂ ಜನ ತಮ್ಮ ಹೊಲದ ಗಡಿಯನ್ನು ಅವನ ತಲೆಗೆ ಬಿಟ್ಟು ಹಾಯಾಗಿದ್ದರು.

*

ಎರಡು ವರ್ಷದ ಹಿಂದೆ ಸರಕಾರದ ಗಣತಿಯವನೊಬ್ಬ ಫಾರಂ ಹಿಡಿದು ಬಂದಿದ್ದ. ಯಾವ ಭಾಗದಲ್ಲಿ ದೊಡ್ಡ ರೈತರು ಎಷ್ಟು, ಸಣ್ಣ ರೈತರು ಎಷ್ಟು ಜಮೀನು ಗುತ್ತಿಗೆಗೆ ಮಾಡುತ್ತಾರೆ ಎಂಬ ಪಟ್ಟಿ ಅವನಿಗೆ ಬೇಕಿತ್ತು.

"ನಿಮ್ಮನ್ನ ದೊಡ್ಡ ರೈತರ ಸಾಲಿಗೆ ಹಾಕ್ಬೇಕಾಗುತ್ತೆ," ಎಂದ.

"ಹಾಕಿ ಸ್ವಾಮಿ. ನಿಮ್ಮ ಫಾರಂನಲ್ಲಾದರೂ ದೊಡ್ಡೋನಾಗ್ತೀನಿ."

"ಹೊಳೆಯಾಚೆ ಸಣ್ಣೋರು ದೊಡ್ಡೋರ ಹತ್ರ ಗುತ್ತಿಗೆಗೆ ತಗೋತಾರೆ. ಇಲ್ಲಿ ನೋಡಿದ್ರೆ ಉಲ್ಟಾ, ಕೊಡೋರೇ ಸಣ್ಣೋರು."

"ಸಣ್ಣೋರಾದ್ರಿಂದಲೇ ಕೊಡ್ತಾರೆ. ಎರಡೆಕರೆಗೆ ಯಾರು ಟ್ರ್ಯಾಕ್ಟರ್ ಇಡ್ತಾರೆ?"

ಪ್ರತಿ ತುಂಡನ್ನೂ ಬೇರೆ ಬೇರೆ ಬರೆಯಬೇಕು ಎಂದಾಗ ತುಂಡಪ್ಪ ಚಪ್ಪಲಿ ಬಿಟ್ಟು ಹೊಲಕ್ಕಿಳಿದ. ಹೆಜ್ಜೆ ಎಣಿಸಿ ನಿಂತು, "ಟೀಚರಮ್ಮಂದು ಇಲ್ಲಿಗೆ ಮುಗೀತು," ಎಂದ. ಮತ್ತೆ ಎಣಿಸಿದ. ಮಗಳು ಹಿಂದೆಯೇ ಟೇಪು ಹಿಡಿದು ಅಳೆದಳು. ಎಲ್ಲೂ ಒಂದು ಗೇಣಿಗಿಂತ ಹೆಚ್ಚು ತಪ್ಪಿರಲಿಲ್ಲ. ಆಮೇಲೆ ಅವಳಿಗೂ ಕಲಿಸಿದ.

"ಇದನ್ನ ಮರೆತ್ಯೋ, ನಾವು ಕಳ್ಳರಾಗ್ತೀವಿ," ಎಂದಿದ್ದ.

*

ಟೀಚರಿಗೆ ಅವಳು ಗೊತ್ತಿಲ್ಲ ಎಂದುಬಿಡಬಹುದಿತ್ತು. ಸರ್ವೆಯವರು ಬರುವಷ್ಟರಲ್ಲಿ ಬಿತ್ತನೆಯ ಕಾಲ ಕಳೆದಿರುತ್ತಿತ್ತು. ಈ ವರ್ಷದ ಮಟ್ಟಿಗಾದರೂ ಹೊಲ ಅವಳ ಕೈಯಲ್ಲೇ ಉಳಿಯುತ್ತಿತ್ತು. ಆ ಮಾತು ಅವಳ ನಾಲಿಗೆಯ ತುದಿಯವರೆಗೂ ಬಂತು.

"ಬನ್ನಿ, ತೋರಿಸ್ತೀನಿ," ಎಂದಳು.

ಸಾವಿಗೆಂದು ಉಟ್ಟು ಬಂದ ಬಟ್ಟೆಯಲ್ಲೇ ಎಲ್ಲರೂ ಉತ್ತ ಹೊಲಕ್ಕೆ ಇಳಿದರು. ಅವಳು ಹೆಜ್ಜೆ ಎಣಿಸುತ್ತ ಒಬ್ಬೊಬ್ಬರನ್ನೂ ಅವರವರ ಗಡಿಯಲ್ಲಿ ನಿಲ್ಲಿಸಿದಳು. "ಟೀಚರ್, ನೀವಿಲ್ಲಿ. ಅಂಚೆಯಣ್ಣ, ನೀನು ಇಲ್ಲೇ ನಿಂತ್ಕೋ, ಅಲ್ಲಾಡಬೇಡ." ಬೇಕರಿಯವರ ಪಾಲು ಎಷ್ಟು ಕಿರಿದಾಗಿತ್ತೆಂದರೆ, ಅಣ್ಣ ಕೆಮ್ಮಿದರೆ ತಮ್ಮನಿಗೆ ಕೇಳುತ್ತಿತ್ತು. ಹತ್ತನೆಯವರನ್ನು ನಿಲ್ಲಿಸಿದ ಮೇಲೆ ಕೊನೆಯಲ್ಲಿ ಅರ್ಧ ಎಕರೆ ಉಳಿಯಿತು. ಅಲ್ಲಿ ನಿಲ್ಲುವವರು ಯಾರೂ ಇರಲಿಲ್ಲ. ಅವಳೇ ಹೋಗಿ ನಿಂತಳು.

ಯಂತ್ರದ ಮಾಲೀಕ ಈ ತುದಿಯಿಂದ ಆ ತುದಿಗೆ ಕಣ್ಣು ಹಾಯಿಸಿದ. "ಟೀಚರಮ್ಮಂದು, ಪಕ್ಕದ ಮೂವರದು, ಇಷ್ಟು ನನಗೆ ಸಾಕು. ನಾಳೆನೇ ಬದು ಹಾಕಿಸ್ತೀನಿ," ಎಂದ.

"ನನ್ನ ಹೊಲದಲ್ಲಿ ಬದು ಬೇಡ," ಎಂದರು ಟೀಚರ್. ಆಮೇಲೆ ತರಗತಿಯ ಹಿಂದಿನ ಬೆಂಚಿಗೂ ಮುಟ್ಟುವಂಥ ದನಿಯಲ್ಲಿ ಕೂಗಿದರು: "ಮಗೂ, ಬಿತ್ತನೆ ಯಾವತ್ತು?"

ಉತ್ತರಕ್ಕೆ ಕಾಯದೆ ಟೀಚರ್ ಸೀರೆ ಎತ್ತಿ ಹಿಡಿದು ಅವಳ ಕಡೆ ಹೊರಟರು. ಅಂಚೆಯಣ್ಣ ಹೊರಟ. ಬೇಕರಿಯ ಅಣ್ಣ ಹೊರಟ; ಅಣ್ಣ ಹೊರಟನೆಂಬ ಒಂದೇ ಕಾರಣಕ್ಕೆ ತಮ್ಮ ಅಲ್ಲೇ ನಿಂತ. ಮೆತ್ತನೆಯ ಮಣ್ಣಿನಲ್ಲಿ ಒಂಬತ್ತು ಜನರ ಹೆಜ್ಜೆಗಳು ಒಬ್ಬರ ಹೊಲದಿಂದ ಇನ್ನೊಬ್ಬರ ಹೊಲಕ್ಕೆ ಹಾಯುತ್ತ ಆ ಅರ್ಧ ಎಕರೆಯ ಕಡೆಗೆ ಬರುತ್ತಿದ್ದವು.