ಗ್ಯಾರೇಜಿನ ಸುಣ್ಣದ ಶಿಲುಬೆ

ಜುಲೈ ತಿಂಗಳ ಕೊನೆಯ ಶುಕ್ರವಾರ, ದ್ರಾಕ್ಷಿ ಕೊಯ್ಲು ಶುರುವಾಗಿ ಎರಡು ವಾರ, ಬೆಳಗಿನ ಐದು ಗಂಟೆ. ಚೋನಾ ಗ್ಯಾರೇಜಿನ ಸಿಮೆಂಟು ನೆಲದ ಮೇಲೆ ಕೂತು, ಹೂವಿನ ಚಕ್ರಕ್ಕೆ ಕಟ್ಟಿದ್ದ ನೀಲಿ ರಿಬ್ಬನ್ನಿನಿಂದ ಬಂಗಾರದ ಬಣ್ಣದ ಅಕ್ಷರಗಳನ್ನು ಉಗುರಿನಲ್ಲಿ ಕೀಳುತ್ತಿದ್ದಳು. ಚಕ್ರ ಆಸ್ಪತ್ರೆಯಿಂದ ಬಂದದ್ದು. 'ನಮ್ಮ ಡಾಕ್ಟರ್ ಓತಿಲಿಯಾ ಬರಾಗಾನ್ ಅವರಿಗೆ' ಎಂದು ಅದರಲ್ಲಿತ್ತು. ಚೋನಾ ಶಾಲೆಗೆ ಹೋದದ್ದು ಎರಡು ವರ್ಷ ಮಾತ್ರ. ಆದರೂ ಕೀಳಬೇಕಾದ ಮಾತು ಯಾವುದೆಂದು ಅವಳಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. 'ನಮ್ಮ' ಎನ್ನುವುದನ್ನು ಪೂರ್ತಿ ಕಿತ್ತು, ಅಂಗೈಯಲ್ಲಿ ಉಂಡೆ ಮಾಡಿದಳು.

"ಏನ್ ಮಾಡ್ತಿದೀಯ ಅಜ್ಜಿ?" ಮೊಮ್ಮಗಳು ಯಾರೆಲಿ ಕಾಫಿಯ ದೊಡ್ಡ ಪಾತ್ರೆ ಹೊತ್ತು ಬಂದಳು.

"ಕಸ ತೆಗೀತಿದೀನಿ."

"ಅಷ್ಟಕ್ಕೇ ಯಾಕ್ ನಿಲ್ಲಿಸ್ದೆ? ಚಕ್ರಾನೇ ತಿಪ್ಪೆಗೆ ಹಾಕು."

"ಹೂವೇನ್ ಪಾಪ ಮಾಡಿದಾವೆ?"

ನಡುವೆ ಎರಡು ಮರದ ಸ್ಟ್ಯಾಂಡುಗಳ ಮೇಲೆ ಓತಿಲಿಯಾಳ ಶವಪೆಟ್ಟಿಗೆ ಇತ್ತು. ಅದರ ಕೆಳಗೆ, ನೆಲದ ಮೇಲೆ, ನಿನ್ನೆ ಸಂಜೆ ಚೋನಾ ತಾನೇ ಬಿಡಿಸಿದ ಸುಣ್ಣದ ಶಿಲುಬೆ. ಅವರ ಊರಿನ ಕಡೆ ಸತ್ತವರಿಗೆ ಹೀಗೇ ಮಾಡುವುದು. ಪೆಟ್ಟಿಗೆ ಎದ್ದ ಮೇಲೂ ಶಿಲುಬೆ ಒಂಬತ್ತು ದಿನ ನೆಲದಲ್ಲೇ ಇರುತ್ತದೆ. ಅದನ್ನು ಎತ್ತುವವರು ಯಾರು ಎಂದು ಪೆಟ್ಟಿಗೆ ಏಳುವ ಮುಂಚೆ ಎಲ್ಲರ ಎದುರು ಹೆಸರು ಹೇಳಬೇಕು. ಹೆಸರು ಬಂದವರು ಒಂಬತ್ತು ಸಂಜೆಯೂ ಬಂದು ಶಿಲುಬೆಯ ಪಕ್ಕ ಮಂಡಿಯೂರಬೇಕು. ಕೊನೆಯ ಸಂಜೆ ಸುಣ್ಣವನ್ನು ಬರಿಗೈಯಲ್ಲಿ ಬಾಚಿ, ಗೋರಿಗೆ ಒಯ್ದು ಸುರಿಯಬೇಕು. ಆಮೇಲೆ ಅವರು ಸತ್ತವರ ಮನೆಯವರೇ.

ಓತಿಲಿಯಾ ಸಾಯುವ ಮುಂಚೆ ಒಂದು ಹೆಸರು ಹೇಳಿದ್ದಳು. ಅದನ್ನು ಕೇಳಿಸಿಕೊಂಡದ್ದು ಚೋನಾ ಒಬ್ಬಳೇ. ಮೂರು ದಿನದಿಂದ ಅದನ್ನು ಬಾಯೊಳಗೇ ಇಟ್ಟುಕೊಂಡಿದ್ದಳು.

"ನನ್ ಹೆಸ್ರು ಹೇಳು ಅಜ್ಜಿ, ನಾನ್ ಎತ್ತೀನಿ," ಎಂದಳು ಯಾರೆಲಿ. "ಹೆಂಗೂ ಇಲ್ಲೇ ಇರ್ತೀನಲ್ಲ."

"ಇಲ್ಲೇ ಅಂದ್ರೆ?"

"ಮೆಡಿಕಲ್ ಕಾಲೇಜಿಗೆ ಬರಲ್ಲ ಅಂತ ಕಾಗದ ಬರೆದಿಟ್ಟಿದೀನಿ. ಒಂಬತ್ತು ದಿನ ಮುಗಿದ ಮೇಲೆ ಕಳಿಸ್ತೀನಿ."

ಚೋನಾ ರಿಬ್ಬನ್ ಕೆಳಗಿಟ್ಟಳು. "ಅವಳು ನಿನಗೆ ಹತ್ತು ವರ್ಷ ಹೇಳಿಕೊಟ್ಲು."

"ರೆನಾತೋಗೂ ಹೇಳಿಕೊಟ್ಲು. ಏನಾದ? ಅಂಥವಳ ಕೈಲಿ ಇಪ್ಪತ್ತಾರು ವರ್ಷ ನೆಲ ಒರೆಸಿಸಿದ್ರು, ಬಟ್ಟೆ ಒಗೆಸಿದ್ರು, ಈಗ ನಮ್ಮ ಡಾಕ್ಟರ್ ಅಂತ ಹೂವು ಕಳಿಸ್ತಾರೆ. ಆ ಬಿಳಿ ಕೋಟಿನೊಳಗೆ ನಾನೂ ಹೋಗಿ ಕೂತ್ಕೋಬೇಕಾ?"

ಚೋನಾ ಎದ್ದು ಹೂವಿನ ಚಕ್ರವನ್ನು ಪೆಟ್ಟಿಗೆಗೆ ಒರಗಿಸಿದಳು.

* * *

ಓತಿಲಿಯಾ ಮೆಕ್ಸಿಕೋದ ಗುಡ್ಡಗಾಡಿನಲ್ಲಿ ಹನ್ನೊಂದು ವರ್ಷ ಡಾಕ್ಟರಾಗಿದ್ದಳು. ಕ್ಯಾಲಿಫೋರ್ನಿಯಾದ ಈ ಕಣಿವೆಗೆ ಬಂದ ಮೇಲೆ ಅವಳ ಓದು ಇಲ್ಲಿ ನಡೆಯುವುದಿಲ್ಲ ಎಂದರು. ಮತ್ತೆ ಪರೀಕ್ಷೆ, ಮತ್ತೆ ವರ್ಷಗಟ್ಟಲೆ ಆಸ್ಪತ್ರೆಯ ತರಬೇತಿ, ಎಲ್ಲ ಇಂಗ್ಲಿಷಿನಲ್ಲಿ. ಎರಡು ಸಲ ಪರೀಕ್ಷೆ ಬರೆದು ಕೈಬಿಟ್ಟಳು. ಈಗ ಹೂವು ಕಳಿಸಿದ ಆಸ್ಪತ್ರೆಯಲ್ಲೇ ನೆಲ ಒರೆಸುವ ಕೆಲಸ ಸಿಕ್ಕಿತು. ಚೋನಾಳ ಮನೆಯ ಹಿಂದಿನ ಕೋಣೆಗೆ ಒಂದು ವಾರಕ್ಕೆಂದು ಬಂದವಳು ಮೂವತ್ತು ವರ್ಷ ಉಳಿದಳು.

ಶನಿವಾರ ಮಧ್ಯಾಹ್ನ ಈ ಗ್ಯಾರೇಜಿನಲ್ಲಿ ಕೊಯ್ಲಿನವರ ಮಕ್ಕಳನ್ನು ಕೂರಿಸಿಕೊಂಡು ಪಾಠ ಮಾಡುತ್ತಿದ್ದಳು. ಕೋಳಿ ಕೊಯ್ದು ಒಳಗಿನದನ್ನೆಲ್ಲ ತೋರಿಸುತ್ತಿದ್ದಳು. ಕಟುಕನ ಅಂಗಡಿಯಿಂದ ಮೇಕೆಯ ಹೃದಯ ತಂದು ಸೀಳುತ್ತಿದ್ದಳು. ಪಾಠ ಮುಗಿದ ಮೇಲೆ ಕೋಳಿ ಚೋನಾಳ ಒಲೆಗೆ.

"ನಿನ್ ಡಾಕ್ಟರಮ್ಮ ಕೊಯ್ದ ಕೋಳೀಲಿ ಒಂದು ನೆಟ್ಟಗಿನ ತುಂಡು ಇಲ್ವಲ್ಲೇ," ಎಂದು ಚೋನಾಳ ಗಂಡ ಫಿದೆನ್ಸಿಯೋ ರೇಗಿಸುತ್ತಿದ್ದ. "ಎಲ್ಲಾ ವಿದ್ಯಾಭ್ಯಾಸ ಆಗೋಗಿದೆ."

"ಬಾಯಿ ಸಾಕು, ಬೆನ್ನು ಕೊಡು," ಎನ್ನುತ್ತಿದ್ದಳು ಓತಿಲಿಯಾ.

ಅವನು ಹೊಲದ ಧೂಳು ಮೈಮೇಲಿರುವಾಗಲೇ ಅಂಗಿ ಬಿಚ್ಚಿ ಸ್ಟೂಲಿನ ಮೇಲೆ ಕೂರುತ್ತಿದ್ದ. ಮಕ್ಕಳು ಸಾಲಾಗಿ ಬಂದು ಒಬ್ಬೊಬ್ಬರೇ ಅವನ ಬೆನ್ನಿಗೆ ಕಿವಿ ಇಡುತ್ತಿದ್ದರು. ಮೊದಲು ಕಿವಿ, ಆಮೇಲೆ ಬಾಯಿ, ಎನ್ನುವುದು ಅವಳ ಪಾಠ. ಎಲ್ಲರಿಗಿಂತ ಹೆಚ್ಚು ಹೊತ್ತು ಕಿವಿ ಇಡುತ್ತಿದ್ದವನು ರೆನಾತೋ. ಟೊಮ್ಯಾಟೊ ಲಾರಿಯ ಡ್ರೈವರನ ಮಗ, ಆಗ ಹತ್ತು ವರ್ಷದವನು.

"ಏನೋ, ನಿದ್ದೆ ಹೋದ್ಯಾ?" ಫಿದೆನ್ಸಿಯೋ ಕೇಳುತ್ತಿದ್ದ.

"ಸುಮ್ನಿರಿ ಚಿಕ್ಕಪ್ಪ, ಗಾಳಿ ಕೇಳಿಸ್ತಿದೆ."

ಆ ಹುಡುಗ ಡಾಕ್ಟರಾದ. ಕಣಿವೆಯ ಕೊಯ್ಲಿನವರ ಮಕ್ಕಳಲ್ಲಿ ಅವನೇ ಮೊದಲು. ಅವನು ಅದೇ ಆಸ್ಪತ್ರೆಗೆ ಕೆಲಸಕ್ಕೆ ಬಂದ ದಿನ ಓತಿಲಿಯಾ ಎರಡು ಬಾರಿ ನೆಲ ಒರೆಸಿದಳಂತೆ, ಅವನು ನಡೆಯುವ ದಾರಿಯನ್ನು.

* * *

ಎಂಟು ಗಂಟೆಗೆ ಜನ ತುಂಬಿದರು. ಕೊಯ್ಲಿಗೆ ರಜೆ ಹಾಕಿದವರು, ಹಾಕಲಾಗದೆ ಬೂಟಿನಲ್ಲೇ ಬಂದು ಕೈಮುಗಿದು ಹೋದವರು. ದಾಲ್ಚಿನ್ನಿ ಕಾಫಿಯ ವಾಸನೆ ಹೂವಿನ ವಾಸನೆಯನ್ನು ನುಂಗಿತ್ತು. ಪ್ರಾರ್ಥನೆ ಹೇಳಿಸುವ ಮುದುಕ ಕ್ರಿಸ್ಪಿನ್ ಪೆಟ್ಟಿಗೆಯ ತಲೆಯ ಹತ್ತಿರ ಕುರ್ಚಿ ಹಾಕಿಸಿಕೊಂಡಿದ್ದ.

"ನನ್ನ ಸಕ್ಕರೆ ಕಾಯಿಲೆ ಕಂಡು ಹಿಡಿದೋಳು ಇವಳೇ," ಎಂದ ಅವನು ಪಕ್ಕದವಳಿಗೆ. "ನಾನು ಆಸ್ಪತ್ರೆ ಕಕ್ಕಸಿನ ಸಾಲಿನಲ್ಲಿ ನಿಂತಿದ್ದೆ. ನಾಲ್ಕನೇ ಸಲ ಬರ್ತಿದೀಯ ಕ್ರಿಸ್ಪಿನ್, ಒಳಗೆ ಹೋಗಿ ರಕ್ತ ಕೊಡು ಅಂದ್ಲು. ಕೈಲಿ ಬಕೆಟ್ಟು."

"ಹಂಗಿದ್ರೂ ಮೂರು ಚಮಚ ಸಕ್ಕರೆ ಹಾಕ್ಕೊಂಡ್ಯಲ್ಲೋ ಈಗ."

"ಇವತ್ತು ನೋಡೋಕೆ ಅವಳಿಲ್ವಲ್ಲ."

ಅಷ್ಟರಲ್ಲಿ ಬಾಗಿಲ ಹತ್ತಿರ ಮಾತು ನಿಂತಿತು. ರೆನಾತೋ ಬಂದಿದ್ದ. ಕಪ್ಪು ಸೂಟು, ಕಂಕುಳಲ್ಲಿ ಗಾಜು ಹಾಕಿಸಿದ ಚೌಕಟ್ಟು. ಅವನ ದಾರಿಗೆ ಯಾರೆಲಿ ಅಡ್ಡ ನಿಂತಳು.

"ಅದೇನು?"

"ಗೌರವ ಪತ್ರ. ಆಸ್ಪತ್ರೆಯವ್ರು ಕೊಟ್ರು. ನಮ್ಮ ಜನದ ಡಾಕ್ಟರುಗಳನ್ನ ಗೌರವಿಸೋ ತಿಂಗಳು ಅಂತ ಮಾಡ್ತಾರಲ್ಲ, ಅದರಲ್ಲಿ ಈ ಸಲ ಇವ್ರ ಹೆಸ್ರು ಸೇರಿಸಿದಾರೆ. ಮಕ್ಕಳಿಗೆ ಹುರುಪು ಬರ್ಲಿ ಅಂತ."

"ಬಟ್ಟೆ ಒಗೆಯೋ ನೆಲಮಾಳಿಗೇಲಿ ನೇತು ಹಾಕ್ತಾರಂತಾ?"

ರೆನಾತೋ ಚೌಕಟ್ಟನ್ನು ಗೋಡೆಗೆ ಮುಖ ಮಾಡಿ ಒರಗಿಸಿಟ್ಟ. ಸೀದಾ ಚೋನಾಳ ಮುಂದೆ ಬಂದು ನಿಂತ. "ಚಿಕ್ಕಮ್ಮ."

"ಬನ್ನಿ ಡಾಕ್ಟರ್ ಸಾಹೇಬ್ರೆ," ಎಂದಳು ಚೋನಾ. "ಸೂಟಿಗೆ ಧೂಳು ಹತ್ತೀತು. ಅಲ್ಲೇ ನಿಂತ್ಕೊಳ್ಳಿ."

* * *

ಆರು ವರ್ಷದ ಹಿಂದೆ, ಚಳಿಗಾಲ. ಫಿದೆನ್ಸಿಯೋಗೆ ಕೆಮ್ಮು. ಬಾದಾಮಿ ತೋಟದಲ್ಲಿ ಹಳೆಯ ಮರ ಕೀಳುವ ಕೆಲಸ ಮಾಡಿ ಬಂದಿದ್ದ, ಧೂಳು ಮೋಡದ ಹಾಗೆ ಏಳುವ ಜಾಗ. ಮೈ ಬೆವರುತ್ತಿತ್ತು, ಮೊಣಕಾಲು ಹಿಡಿದುಕೊಂಡಿದ್ದವು, ಪ್ಯಾಂಟು ಸೊಂಟದಲ್ಲಿ ನಿಲ್ಲುತ್ತಿರಲಿಲ್ಲ. ಆಸ್ಪತ್ರೆಯಲ್ಲಿ ಎರಡು ಸಲ ನ್ಯುಮೋನಿಯಾ ಎಂದು ಮಾತ್ರೆ ಕೊಟ್ಟು ಕಳಿಸಿದ್ದರು. ಮೂರನೆಯ ಸಲ ಅವನನ್ನು ನೋಡಿದವನು ರೆನಾತೋ. ಅವನ ಪಕ್ಕ ಅವನ ಮೇಲಿನ ದೊಡ್ಡ ಡಾಕ್ಟರು.

ಓತಿಲಿಯಾ ಕೋಣೆಯ ಹೊರಗೆ ನೆಲ ಒರೆಸುತ್ತಿದ್ದಳು. ಕೋಲನ್ನು ಗೋಡೆಗೆ ಒರಗಿಸಿ ಒಳಗೆ ಬಂದಳು.

"ರೆನಾತೋ, ಇದು ಬರೀ ನ್ಯುಮೋನಿಯಾ ಅಲ್ಲ ಮಗಾ. ಕಣಿವೆ ಜ್ವರ. ಮಣ್ಣಿನ ಬೂಷ್ಟಿಂದ ಬರೋದು. ರಕ್ತ ತೆಗೆದು ಕಳಿಸು."

ಅವಳು ಹೇಳಿದ್ದು ತಮ್ಮೂರಿನ ಭಾಷೆಯಲ್ಲಿ. ದೊಡ್ಡ ಡಾಕ್ಟರು ಹುಬ್ಬೇರಿಸಿ, ಇವಳು ಯಾರು ಎಂದು ಕೇಳಿದರು. ರೆನಾತೋ ಕಿವಿಯವರೆಗೂ ಕೆಂಪಾದ. ಇಂಗ್ಲಿಷಿನಲ್ಲಿ ಒಂದು ಮಾತು ಹೇಳಿದ. ಗಂಡನ ಪಕ್ಕ ನಿಂತಿದ್ದ ಚೋನಾ ಇಲ್ಲಿದ್ದ ಇಷ್ಟು ವರ್ಷದಲ್ಲಿ ಅಷ್ಟು ಇಂಗ್ಲಿಷು ಕಲಿತಿದ್ದಳು.

ನೆಲ ಒರೆಸುವವಳು, ಎಂದಿದ್ದ. ಒಳಗೆ ಬರಬಾರದು ಎಂದು ಹೇಳುತ್ತೇನೆ, ಎಂದಿದ್ದ.

ಆಮೇಲೆ ದೂರಿನ ಕಾಗದ ಹೋಯಿತು, ಅದರ ಕೆಳಗೆ ಅವನ ಸಹಿ. ಓತಿಲಿಯಾಳನ್ನು ನೆಲಮಾಳಿಗೆಯ ಬಟ್ಟೆ ಒಗೆಯುವ ಕೆಲಸಕ್ಕೆ ಇಳಿಸಿದರು. ಫಿದೆನ್ಸಿಯೋಗೆ ಮತ್ತೆ ಅದೇ ಮಾತ್ರೆ. ಐದು ವಾರದ ಮೇಲೆ ದೂರದ ದೊಡ್ಡ ಊರಿನಲ್ಲಿ ರಕ್ತ ನೋಡಿ ಕಣಿವೆ ಜ್ವರ ಎಂದರು. ಅಷ್ಟರಲ್ಲಿ ಅದು ಮಿದುಳಿಗೆ ಏರಿತ್ತು. ಮಾರ್ಚಿನಲ್ಲಿ ಅವನನ್ನು ಮಣ್ಣು ಮಾಡಿದರು. ಯಾವ ಬೆನ್ನಿಗೆ ಕಿವಿಯಿಟ್ಟು ಕಲಿತನೋ ಆ ಬೆನ್ನನ್ನು ರೆನಾತೋ ಆಸ್ಪತ್ರೆಯ ಆ ಕೋಣೆಯಲ್ಲಿ ಮುಟ್ಟಿಯೂ ನೋಡಿರಲಿಲ್ಲ.

* * *

"ಹೆಸ್ರು ಹೇಳಿ," ಎಂದ ಕ್ರಿಸ್ಪಿನ್. ಪೆಟ್ಟಿಗೆ ಹೊರುವ ಆರು ಜನ ಟೋಪಿ ತೆಗೆದು ನಿಂತಿದ್ದರು. "ಶಿಲುಬೆ ಎತ್ತೋರು ಯಾರು?"

ಯಾರೆಲಿ ಅಜ್ಜಿಯ ಮುಖ ನೋಡಿದಳು. ಚೋನಾ ಎರಡೂ ಕೈಯನ್ನು ಮುಚ್ಚಳದ ಮೇಲೆ ಊರಿದ್ದಳು. ಬಲಗೈಯೊಳಗೆ ಇನ್ನೂ ಆ ಬಂಗಾರದ ಉಂಡೆ ಇತ್ತು. ಮಂಗಳವಾರ ಓತಿಲಿಯಾ ಉಸಿರು ಎಳೆದು ಎಳೆದು ಹೇಳಿದ್ದು ನೆನಪಾಯಿತು. ರೆನಾತೋ ಎತ್ತಲಿ ಚೋನಾ. ನೀನು ಹೇಳಲ್ಲ ಅಂತ ಗೊತ್ತು. ಆದ್ರೂ ಹೇಳು.

ಅದು ಕ್ಷಮೆ ಎಂದು ಚೋನಾ ಮೂರು ದಿನ ಸಿಟ್ಟಿನಿಂದ ಕುದಿದಿದ್ದಳು. ನಿನಗೆ ಬೇಕಾದರೆ ಕ್ಷಮಿಸಿಕೋ, ಸತ್ತದ್ದು ನನ್ನ ಗಂಡ, ಎಂದು ಪೆಟ್ಟಿಗೆಗೆ ಹೇಳಿದ್ದಳು. ಈಗ ಬಾಗಿಲ ಹತ್ತಿರ ನಿಂತ ಸೂಟನ್ನು ನೋಡಿದಳು. ಕಾರಿನ ಕೀಲಿ ಅವನ ಕೈಯಲ್ಲೇ ಇತ್ತು. ಮಣ್ಣು ಹಾಕಿ ಹೊರಟುಬಿಡುತ್ತಾನೆ. ಚೌಕಟ್ಟು ಇಲ್ಲಿ ಉಳಿಯುತ್ತದೆ. ಶಿಲುಬೆಯಾದರೆ ಅವನನ್ನು ಒಂಬತ್ತು ಸಂಜೆ ಬಿಡುವುದಿಲ್ಲ.

"ರೆನಾತೋ," ಎಂದಳು.

ಗ್ಯಾರೇಜಿನಲ್ಲಿ ಗುಜುಗುಜು ಎದ್ದಿತು. "ಅಜ್ಜಿ," ಎಂದಳು ಯಾರೆಲಿ, ಏಟು ತಿಂದವಳ ಹಾಗೆ.

"ಅವಳು ಕೇಳಿದ್ದು ಅವನನ್ನೇ. ಬರ್ಲಿ. ಒಂಬತ್ತು ಸಂಜೆ ಈ ಸಿಮೆಂಟಿನ ಮೇಲೆ ಮಂಡಿಯೂರ್ಲಿ. ಫಿದೆನ್ಸಿಯೋನ ಸ್ಟೂಲು ಎದುರಿಗೇ ಇಡ್ತೀನಿ, ನೋಡ್ತಾ ಕೂರ್ಲಿ."

ರೆನಾತೋ ಕಾರಿನ ಕೀಲಿಯನ್ನು ಜೇಬಿಗೆ ಹಾಕಿದ. "ಬರ್ತೀನಿ ಚಿಕ್ಕಮ್ಮ."

"ಮೊದಲ್ನೇ ಸಂಜೆ ಇವತ್ತೇ," ಎಂದ ಕ್ರಿಸ್ಪಿನ್. "ಏಳು ಗಂಟೆಗೆ. ನಾನು ತಡ ಮಾಡೋರಿಗೆ ಕಾಯಲ್ಲ, ಡಾಕ್ಟರಾದ್ರೂ ಸರಿ."

ಪೆಟ್ಟಿಗೆ ಎದ್ದಿತು. ಕೆಳಗೆ ಬೆಳ್ಳಗೆ ಶಿಲುಬೆ ಒಂದೇ ಉಳಿಯಿತು.

* * *

ಅವನು ಬಂದ. ಎರಡನೆಯ ಸಂಜೆ ಸೂಟು ಇರಲಿಲ್ಲ. ನಾಲ್ಕನೆಯ ಸಂಜೆ ಆಸ್ಪತ್ರೆಯಿಂದ ಓಡಿಬಂದವನ ಮೈಯಲ್ಲಿ ಬಿಳಿ ಕೋಟೇ ಇತ್ತು. ಚೋನಾ ಬಾಗಿಲಲ್ಲೇ ಬಿಚ್ಚಿಸಿದಳು. ಐದನೆಯ ಸಂಜೆ, ಪ್ರಾರ್ಥನೆ ಮುಗಿದ ಮೇಲೆ, ಯಾರೂ ಕೇಳದೆ ಅವನೇ ಎದ್ದು ನಿಂತು ಆ ದಿನದ ಕೋಣೆಯಲ್ಲಿ ಆಡಿದ ಮಾತನ್ನು ಎಲ್ಲರ ಮುಂದೆ ಹೇಳಿದ. ಮೊದಲು ಇಂಗ್ಲಿಷಿನಲ್ಲಿ, ಆಮೇಲೆ ಅವರ ಭಾಷೆಯಲ್ಲಿ. ಯಾರೂ ಸಮಾಧಾನ ಹೇಳಲಿಲ್ಲ. ಚೋನಾ ಸಕ್ಕರೆ ಇಲ್ಲದ ಕಾಫಿ ಕೊಟ್ಟಳು. ಅವನು ಅದನ್ನು ಕುಡಿದ.

ಒಂಬತ್ತನೆಯದು ಶನಿವಾರ. ಸಂಜೆ ಅವನು ಬಗ್ಗಿ ಸುಣ್ಣವನ್ನು ಎರಡೂ ಕೈಯಲ್ಲಿ ಬಾಚಿ ಒಂದು ಡಬ್ಬಿಗೆ ಹಾಕಿದ. ಮೊದಲು ತಲೆ, ಆಮೇಲೆ ಎರಡು ತೋಳು, ಕೊನೆಗೆ ಕಾಲು. ಡಬ್ಬಿ ತುಂಬಿದ ಮೇಲೂ ಎದ್ದೇಳಲಿಲ್ಲ.

ಚೋನಾ ಸ್ಟೂಲನ್ನು ಎಳೆದುಕೊಂಡಳು. ಅವನಿಗೆ ಬೆನ್ನು ಮಾಡಿ ಕೂತಳು.

"ಇಡು ಕಿವಿ."

"ಚಿಕ್ಕಮ್ಮ, ಕೈಯೆಲ್ಲ ಸುಣ್ಣ..."

"ನಾನು ಕಿವಿ ಕೇಳಿದ್ದು."

ಅವನು ಮಂಡಿಯಲ್ಲೇ ಸರಿದು ಬಂದ. ಆನಿಕೊಳ್ಳಲು ಬೇರೆ ಏನೂ ಇಲ್ಲದೆ ಅವಳ ಕರಿ ಅಂಗಿಯ ಮೇಲೆ ಎರಡೂ ಅಂಗೈ ಊರಿ, ನಡುವೆ ಕಿವಿ ಇಟ್ಟ. ಬಹಳ ಹೊತ್ತು ಇಟ್ಟ. ಯಾರೆಲಿ ಗೋಡೆಗೆ ಒರಗಿ ನಿಂತು ನೋಡುತ್ತಿದ್ದಳು.

"ಎಡಗಡೆ, ಕೆಳಗೆ, ಗೊರಗೊರ ಅಂತಿದೆ," ಎಂದ ಕೊನೆಗೆ. "ನೀವೂ ಆ ಧೂಳಲ್ಲೇ ಕೆಲಸ ಮಾಡಿದೋರು. ಸೋಮವಾರ ರಕ್ತ ತೆಗೆಸ್ಬೇಕು ಚಿಕ್ಕಮ್ಮ. ಕಣಿವೆ ಜ್ವರಕ್ಕೆ."

"ಆರು ವರ್ಷ ತಡವಾಯ್ತಲ್ಲೋ," ಎಂದಳು ಚೋನಾ. ತಿರುಗಿ ನೋಡಲಿಲ್ಲ.

ಅವನು ಡಬ್ಬಿ ಎತ್ತಿಕೊಂಡು ಗೋರಿಯ ಕಡೆ ನಡೆದ. ಯಾರೆಲಿ ಕಾಲೇಜಿಗೆ ಬರೆದಿದ್ದ ಕಾಗದವನ್ನು ಜೇಬಿನಿಂದ ತೆಗೆದು, ಮಡಿಕೆಯ ಮೇಲೆ ಮಡಿಕೆ ಹರಿದು, ಕಾಫಿ ಒಲೆಗೆ ಹಾಕಿದಳು.

"ಅವನನ್ನ ನೋಡಿ ಹೋಗ್ತಿಲ್ಲ ನಾನು," ಎಂದಳು.

"ಗೊತ್ತು. ಚಳಿ ಅಂಗಿ ಮರೀಬೇಡ."

ಸೋಮವಾರ ಬೆಳಿಗ್ಗೆ ಆರರ ಬಸ್ಸಿಗೆ ಯಾರೆಲಿ ಕಾಲೇಜಿಗೆ ಹೊರಟಳು. ಹತ್ತು ಗಂಟೆಗೆ ಆಸ್ಪತ್ರೆಯಲ್ಲಿ ರಕ್ತ ಕೊಟ್ಟು ಬಂದ ಚೋನಾ ವಾರದ ಬಟ್ಟೆಯೆಲ್ಲ ಒಗೆದು ಹಾಕಿದಳು. ಕರಿ ಅಂಗಿಯೊಂದನ್ನು ಒಗೆಯಲಿಲ್ಲ. ಅದು ಗ್ಯಾರೇಜಿನ ಮೊಳೆಯಲ್ಲಿ, ಚೌಕಟ್ಟಿಗೆಂದು ಹೊಡೆದಿದ್ದ ಮೊಳೆಯಲ್ಲಿ, ಬೆನ್ನು ಹೊರಗೆ ಮಾಡಿ ನೇತಾಡುತ್ತಿತ್ತು. ಎರಡು ಬಿಳಿ ಅಂಗೈ, ನಡುವೆ ಒಂದು ಕಿವಿಯಷ್ಟು ಖಾಲಿ ಜಾಗ.